ಅಮೆರಿಕದ ಕಂಟ್ರಿ ಸಂಗೀತ ಮತ್ತು ಅದರ ಸರ್ವಜನಪ್ರಿಯತೆ

1944ನೆಯ ಇಸವಿಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಇಬ್ಬರು ಗಾಯಕರು ರಾಜಕೀಯದ ಉನ್ನತ ಪದವಿಗೇರಿದರು. ಲೂಯಿಸಿಯಾನ ಸಂಸ್ಥಾನದ ಗವರ್ನರಾಗಿ ಅಧಿಕಾರ ವಹಿಸಿಕೊಂಡ ಜಿಮ್ಮಿ ಡೇವಿಸ್, ‘ಯೂ ಆರ್ ಮೈ ಸನ್‌ಷೈನ್’ ಎಂಬ ಹಾಡನ್ನು 1940ರಲ್ಲಿ ಧ್ವನಿಮುದ್ರಿಸಿ ದೇಶದಲ್ಲೆಲ್ಲ ಹೆಸರಾಗಿದ್ದವನು. ಚುನಾವಣಾ ಸಭೆಗಳಲ್ಲಿ ಭಾಷಣದಷ್ಟೇ ತನ್ನ ವಾದ್ಯತಂಡವನ್ನೂ ನೆಚ್ಚಿಕೊಂಡಿದ್ದವನು. ಐಡಹೊ ಸಂಸ್ಥಾನದಿಂದ ಸೆನೆಟಿಗೆ ಆಯ್ಕೆಯಾದ ಗ್ಲೆನ್ ಟೇಲರ್, ಸಂಸಾರವನ್ನು ಕಟ್ಟಿಕೊಂಡು ಊರೂರು ಅಲೆದು ದನಗಾಹಿಯ ವೇಷದಲ್ಲಿ ಹಾಡುತ್ತಿದ್ದ ಬಡ ಕಲಾವಿದ. ರಾಜಧಾನಿಗೆ ಬಂದ ಹೊಸದರಲ್ಲಿ ಬಾಡಿಗೆಗೆ ಮನೆ ಸಿಗದೆ, ಶಾಸನಭವನದ ಮೆಟ್ಟಿಲುಗಳ ಮೇಲೆ ಹೆಂಡತಿ ಮಕ್ಕಳೊಡನೆ ನಿಂತು, ಹಳೆಯ ಹಾಡೊಂದರ ಧಾಟಿಯಲ್ಲಿ ತನಗೊಂದು ಮನೆ ಬೇಕೆಂದು ಹಾಡಿದನು. ಇಬ್ಬರೂ ಡೆಮೊಕ್ರಾಟಿಕ್ ಪಕ್ಷದವರು. ಇಬ್ಬರ ಬಂಡವಾಳವೂ ಹಾಡೇ. ಆದರೆ ಮುಂದೆ ಅವರು ಹಿಡಿದ ದಾರಿಗಳು ಬೇರೆ ಬೇರೆ. 1948ರಲ್ಲಿ ಹೆನ್ರಿ ವಾಲೇಸನ ಪ್ರೊಗ್ರೆಸಿವ್ ಪಕ್ಷದಿಂದ ಉಪಾಧ್ಯಕ್ಷ ಪದವಿಗೆ ಸ್ಪರ್ಧಿಸಿದ ಟೇಲರ್, ಅಲಬಾಮದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪುಜನರಿಗೆಂದು ಮೀಸಲಾಗಿದ್ದ ಬಾಗಿಲಿನಿಂದ ಸಭೆಯನ್ನು ಪ್ರವೇಶಿಸಲು ಹೋಗಿ ಪೋಲೀಸರಿಂದ ಬಂಧಿತನಾದನು. ಡೇವಿಸನಾದರೋ 1960ರಲ್ಲಿ ವರ್ಣಭೇದವನ್ನು ಉಳಿಸಿಕೊಡುವೆನೆಂಬ ವಚನದೊಡನೆ ಎರಡನೆಯ ಬಾರಿ ಗವರ್ನರಾದನು; ಅದೇ ವರ್ಷ ನ್ಯಾಯಾಲಯದ ಆಜ್ಞೆಯಂತೆ ನ್ಯೂ ಆರ್ಲಿಯನ್ಸ್ ನಗರದ ಬಿಳಿಯರ ಶಾಲೆಗಳಿಗೆ ಕಪ್ಪುಮಕ್ಕಳು ಕಾಲಿಟ್ಟಾಗ ಅದನ್ನು ತಡೆಯಲು ಶಾಸನಸಭೆಯ ವಿಶೇಷಾಧಿವೇಶನಗಳನ್ನೇ ಕರೆದನು.

ಒಂದೇ ಸಂಗೀತ ಪರಸ್ಪರ ವಿರುದ್ಧವಾದ ಎರಡು ಧ್ಯೇಯಗಳಿಗೆ ಹೀಗೆ ಊರುಗೋಲಾದುದು ಹೇಗೆ? ಇದಕ್ಕೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಕಂಟ್ರಿ ಸಂಗೀತವು ದಕ್ಷಿಣದ ಬಿಳಿಯರದು, ಸಂಪ್ರದಾಯನಿಷ್ಠರದು, ಆದುದರಿಂದ ಬಲಪಂಥದ್ದು ಎಂಬುದು ಒಂದು. ಪ್ರೇಮ, ಮದ್ಯ, ತಾಯಿ, ದೇವರು ಇಷ್ಟನ್ನೇ ಹಾಡುವ ಈ ಸಂಗೀತಕ್ಕೂ ರಾಜಕೀಯಕ್ಕೂ ಸಂಬಂಧವೇ ಇಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದರೆ ಟೇಲರನಿಗೆ ವಿವರಣೆ ಸಿಗದು. ಎರಡನೆಯದನ್ನು ಒಪ್ಪಿದರೆ, ಸಂಬಂಧವೇ ಇಲ್ಲದ ವಸ್ತುವನ್ನು ರಾಜಕಾರಣಿಗಳು ಇಷ್ಟು ಆಸೆಯಿಂದ ಬೆನ್ನುಹತ್ತಿದುದೇಕೆ ಎಂಬುದು ತಿಳಿಯದು. ಈ ಹಾಡುಗಳು ಕಷ್ಟವನ್ನು ಹೇಳುತ್ತವೆ, ಕಷ್ಟಕ್ಕೆ ಕಾರಣರಾದವರನ್ನು ಬಹುಮಟ್ಟಿಗೆ ಹೇಳದೆ ಬಿಡುತ್ತವೆ. ಬಿಟ್ಟ ಆ ಸ್ಥಳವನ್ನು ಕೇಳುವವನು ತನ್ನ ಅನುಭವದಿಂದಲೂ ತನ್ನ ಪಕ್ಷದ ಬುದ್ಧಿಯಿಂದಲೂ ತುಂಬಿಕೊಳ್ಳುತ್ತಾನೆ. ಕೇಳುಗರ ವೈವಿಧ್ಯಕ್ಕೆ ಇದೇ ಮುಖ್ಯ ಕಾರಣವೆಂದು ನನಗೆ ತೋರುತ್ತದೆ. ಆದರೆ ಇದರೊಡನೆ ಇನ್ನೊಂದು ಸಂಗತಿಯನ್ನೂ ಕೂಡಿಸಿಕೊಂಡೇ ನೋಡಬೇಕು. ಕೇಳುವುದಕ್ಕೆ ಯಾರನ್ನೂ ತಡೆಯದ ಈ ಸಂಗೀತದ ವ್ಯಾಪಾರವ್ಯವಸ್ಥೆ, ಹಾಡುವುದಕ್ಕೆ ಯಾರು ಅರ್ಹರೆಂಬುದನ್ನು ಮಾತ್ರ ಬಹು ಎಚ್ಚರಿಕೆಯಿಂದ ಕಾಯ್ದುಕೊಂಡು ಬಂದಿದೆ.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ಕಂಟ್ರಿ’ ಎಂಬುದನ್ನು ‘ಗ್ರಾಮೀಣ ಸಂಗೀತ’ವೆಂದೋ ‘ಜಾನಪದ ಗೀತೆ’ಯೆಂದೋ ಅನುವಾದಿಸಿದರೆ ನಮ್ಮ ವಿದ್ಯಾರ್ಥಿಗಳಿಗೆ ತಪ್ಪು ತಿಳಿವಳಿಕೆಯಾದೀತು. ನಮ್ಮ ಬೀಸುವ ಪದಗಳಂತೆ ಕರ್ತೃವಿಲ್ಲದೆ ಬಾಯಿಂದ ಬಾಯಿಗೆ ಸಾಗಿಬಂದ ಹಾಡುಗಳು ಇದರ ಬೇರಿನಲ್ಲಿ ಇವೆ, ನಿಜ. ಆದರೆ ಕಂಟ್ರಿ ಎಂಬ ಪ್ರಕಾರವು ಹುಟ್ಟಿದುದು ಧ್ವನಿಮುದ್ರಿಕೆಯ ಕಂಪನಿಗಳಿಂದ, ಬೆಳೆದುದು ಬಾನುಲಿಯಿಂದ. ಅದಕ್ಕೆ ಕರ್ತೃವುಂಟು, ಕೃತಿಸ್ವಾಮ್ಯವುಂಟು, ಮಾರಾಟದ ಲೆಕ್ಕವುಂಟು. ಆದಕಾರಣ ಇಲ್ಲಿ ಮೂಲದ ಹೆಸರನ್ನೇ ಉಳಿಸಿಕೊಂಡಿದೆ.

ಬೇರುಗಳನ್ನು ಮೊದಲು ನೋಡೋಣ. ಇಂಗ್ಲೆಂಡಿನ ಸೆಸಿಲ್ ಷಾರ್ಪ್ ಎಂಬ ಸಂಗ್ರಾಹಕನು ಮಾಡ್ ಕಾರ್ಪಿಲಿಸ್ ಎಂಬಾಕೆಯೊಡನೆ 1916ರಿಂದ 1918ರವರೆಗೆ ಅಪಲಾಚಿಯ ಬೆಟ್ಟಸೀಮೆಯಲ್ಲಿ ಸುತ್ತಾಡಿ, ತನ್ನ ದೇಶದಲ್ಲಿ ಮರೆಯಾಗುತ್ತಿದ್ದ ಲಾವಣಿಗಳನ್ನು ಆ ಬಡ ಬಿಳಿಯರ ಬಾಯಲ್ಲಿ ಕೇಳಿ ಬರೆದುಕೊಂಡನು. ಅವನ ಪರಿಶ್ರಮ ಸಾಮಾನ್ಯವಾದುದಲ್ಲ. ಆದರೆ ಅವನು ಹುಡುಕಲು ಹೋದುದು ಇಂಗ್ಲೆಂಡನ್ನು, ಸಿಕ್ಕಿದುದೂ ಇಂಗ್ಲೆಂಡೇ. ಅದೇ ಸೀಮೆಯ ವಾದ್ಯಸಂಗೀತಕ್ಕಾಗಲಿ ಕಪ್ಪುಜನರ ಹಾಡಿಗಾಗಲಿ ಅವನು ಹೆಚ್ಚಿನ ಗಮನ ಕೊಡಲಿಲ್ಲ. ಬೆಟ್ಟದ ಬಿಳಿಯರು ತಮ್ಮದೆಂದು ನುಡಿಸುತ್ತಿದ್ದ ಬ್ಯಾಂಜೋ ಆಫ್ರಿಕದಿಂದ ಬಂದ ಗುಲಾಮರ ವಾದ್ಯಗಳಿಂದ ಹುಟ್ಟಿದುದು. ಪಿಟೀಲು ಬ್ರಿಟಿಷ್ ದ್ವೀಪಗಳದು. ಕಂಟ್ರಿಯ ಗುರುತೇ ಆಗಿಹೋದ, ಜಾರುನಾದದ ಸ್ಟೀಲ್ ಗಿಟಾರು ಹವಾಯಿ ದ್ವೀಪಗಳದು. ಹಾಡಿನ ನಡುವೆ ಕಂಠವನ್ನು ಒಡೆದು ಮೇಲಕ್ಕೆ ಹಾರಿಸುವ ‘ಯೋಡೆಲ್’ ಆಲ್ಪ್ಸ್ ಪರ್ವತದ್ದು. ಒಂದು ಜನಾಂಗದ ಶುದ್ಧ ಪಿತ್ರಾರ್ಜಿತವೆಂದು ಇದನ್ನು ಹೇಳಿಕೊಳ್ಳುವುದು ಚರಿತ್ರೆಗೆ ಒಪ್ಪುವ ಮಾತಲ್ಲ.

ಒಪ್ಪದ ಈ ಮಾತನ್ನು ನಂಬುವಂತೆ ಮಾಡಿದುದು ವ್ಯಾಪಾರದ ಪಟ್ಟಿ. 1920ರಲ್ಲಿ ಓಕೆ ಎಂಬ ಕಂಪನಿ ಮೇಮಿ ಸ್ಮಿತ್ ಎಂಬ ಕಪ್ಪು ಗಾಯಕಿಯ ಧ್ವನಿಮುದ್ರಿಕೆಯನ್ನು ಹೊರತಂದು ಅಪಾರ ಲಾಭ ಗಳಿಸಿತು. 1923ರಲ್ಲಿ ಅದೇ ಕಂಪನಿ ಅಟ್ಲಾಂಟದ ಪಿಟೀಲುಗಾರ ಜಾನ್ ಕಾರ್ಸನನ ಹಾಡನ್ನು ಮುದ್ರಿಸಿದಾಗ ದಕ್ಷಿಣದ ಬಿಳಿಯ ರೈತರೂ ಗಿರಣಿ ಕೂಲಿಗಳೂ ಅದನ್ನು ಕೊಂಡರು. ಕೊಳ್ಳುವವರು ಎರಡು ಬಗೆಯವರೆಂದು ಕಂಪನಿಗಳು ತೀರ್ಮಾನಿಸಿದವು. ಕಪ್ಪುಜನರಿಗೆ ‘ರೇಸ್ ರೆಕಾರ್ಡ್ಸ್’. ಬಿಳಿಯರಿಗೆ ‘ಹಳೆಯ ಕಾಲದ ಧಾಟಿಗಳು’, ಅಥವಾ ಗುಡ್ಡದ ಗಮಾರರೆಂದು ಮೂದಲಿಸುವ ‘ಹಿಲ್‌ಬಿಲ್ಲಿ’. ಕೊಲಂಬಿಯ ಕಂಪನಿಯ ಪಟ್ಟಿಯಲ್ಲಿ 14000ದಿಂದ ಮೊದಲಾಗುವ ಅಂಕೆಗಳು ಕಪ್ಪುಜನರ ಸಾಲು, 15000ದಿಂದ ಮೊದಲಾಗುವವು ಬಿಳಿಯರ ಸಾಲು. ಧ್ವನಿಮುದ್ರಿಕೆಯ ಮೇಲಿನ ಅಂಕೆಯನ್ನು ನೋಡಿದರೆ ಸಾಕು, ಅದು ಯಾರ ಮನೆಗೆ ಹೋಗಬೇಕೆಂದು ಕಂಪನಿಯು ಬಗೆದಿತ್ತೆಂಬುದು ತಿಳಿಯುತ್ತದೆ. ವರ್ಣಭೇದದ ಶಾಸನಗಳನ್ನು ವಿವರಿಸುವ ನಮ್ಮ ಪಠ್ಯಪುಸ್ತಕಗಳಲ್ಲಿ ಈ ಎರಡು ಅಂಕೆಗಳಿಗೂ ಸ್ಥಳವಿರಬೇಕಾಗಿತ್ತು.

ಸಂಗೀತಗಾರರು ಮಾತ್ರ ಈ ಗೆರೆಗಳನ್ನು ಲಕ್ಷಿಸಲಿಲ್ಲ. 1927ರ ಜುಲೈ–ಆಗಸ್ಟ್ ತಿಂಗಳುಗಳಲ್ಲಿ ವಿಕ್ಟರ್ ಕಂಪನಿಯ ಪರವಾಗಿ ರಾಲ್ಫ್ ಪಿಯರ್ ಎಂಬಾತ ಟೆನೆಸೀ–ವರ್ಜೀನಿಯಗಳ ಗಡಿಯ ಬ್ರಿಸ್ಟಲ್ ಪಟ್ಟಣದಲ್ಲಿ ಬಿಡಾರ ಹೂಡಿ ಸ್ಥಳೀಯರ ಹಾಡುಗಳನ್ನು ಮುದ್ರಿಸಿಕೊಂಡನು. ಕಂಟ್ರಿಯ ಇತಿಹಾಸದಲ್ಲಿ ಆದಿಪರ್ವವೆಂದು ಇದನ್ನು ಎಣಿಸುವ ವಾಡಿಕೆ. ಏಕೆಂದರೆ ವರ್ಜೀನಿಯದ ಕಾರ್ಟರ್ ಕುಟುಂಬ, ಮಿಸಿಸಿಪಿಯ ರೈಲ್ವೆ ಕಾರ್ಮಿಕ ಜಿಮ್ಮಿ ರಾಜರ್ಸ್ ಇವರಿಬ್ಬರೂ ಬೆಳಕಿಗೆ ಬಂದುದು ಅಲ್ಲಿ. ಕಾರ್ಟರ್ ಕುಟುಂಬದ ಹಿರಿಯನಾದ ಎ. ಪಿ. ಕಾರ್ಟರ್ ಹಾಡು ಹುಡುಕುತ್ತ ಹೊರಟಾಗ ಅವನ ಜೊತೆಯಲ್ಲಿ ತಿರುಗಿದವನು ಲೆಸ್ಲಿ ರಿಡಲ್ ಎಂಬ ಕಪ್ಪು ಗಿಟಾರುವಾದಕ. ಕಾರ್ಟರ್ ಮಾತುಗಳನ್ನು ಬರೆದುಕೊಳ್ಳುವನು, ರಿಡಲ್ ಧಾಟಿಯನ್ನು ನೆನಪಿನಲ್ಲಿ ಹಿಡಿಯುವನು. ಹಾಡುಗಳ ಹಕ್ಕು ದಾಖಲಾದುದು ಒಬ್ಬನ ಹೆಸರಿನಲ್ಲಿ! ರಾಜರ್ಸನು 1930ರಲ್ಲಿ ಲಾಸ್ ಏಂಜಲಿಸಿನಲ್ಲಿ ತನ್ನ ಒಂಬತ್ತನೆಯ ‘ಬ್ಲೂ ಯೋಡೆಲ್’ ಹಾಡಿದಾಗ ಕಹಳೆ ಊದಿದವನು ಜಾಸ್ ಸಂಗೀತದ ಮಹಾಪುರುಷ ಲೂಯಿ ಆರ್ಮ್‌ಸ್ಟ್ರಾಂಗ್. ಹ್ಯಾಂಕ್ ವಿಲಿಯಮ್ಸನಿಗೆ ಬಾಲ್ಯದಲ್ಲಿ ಪಾಠ ಹೇಳಿದವನು ರೂಫಸ್ ಪೇನ್ ಎಂಬ ಕಪ್ಪು ಬೀದಿಗಾಯಕ. ಇಂತಹ ನಿದರ್ಶನಗಳನ್ನು ಇನ್ನೂ ಹೆಚ್ಚಿಸಬಹುದು. ಬಡತನದಲ್ಲಿ ನೆರೆಹೊರೆಯಾಗಿದ್ದ ಎರಡು ಜನಾಂಗಗಳು ಒಂದನ್ನೊಂದು ಕೇಳಿಕೊಂಡೇ ಬಾಳಿದವು. ಹಾಗೆ ಕೂಡಿ ಬೆಳೆದ ಸಂಗೀತವೇ ಎರಡು ಸಾಲುಗಳಾಗಿ ಅಂಗಡಿಗೆ ಬಂತು.

ಬಾನುಲಿಯ ಪಾತ್ರವಾದರೋ ಬೇರೆ ತೆರನಾದುದು. ಧ್ವನಿಮುದ್ರಿಕೆಯನ್ನು ಹಣ ತೆತ್ತು ಕೊಳ್ಳಬೇಕು. ಬಾನುಲಿಯನ್ನು ಯಾರು ಬೇಕಾದರೂ ಕೇಳಬಹುದು, ಮತ್ತು ಎಲ್ಲರೂ ಕೇಳಬೇಕೆಂಬುದೇ ಅದಕ್ಕೆ ಹಣ ಕೊಡುವವನ ಅಪೇಕ್ಷೆ. ಚಿಕಾಗೊದಲ್ಲಿ 1924ರಲ್ಲಿ ಮೊದಲಾದ ‘ನ್ಯಾಷನಲ್ ಬಾರ್ನ್ ಡ್ಯಾನ್ಸ್’ ಕಾರ್ಯಕ್ರಮದ ಕೇಂದ್ರವನ್ನು ಸ್ಥಾಪಿಸಿದುದು ಅಂಚೆಯ ಮೂಲಕ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿ. ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದ ಡಬ್ಲ್ಯು.ಎಸ್.ಎಂ. ಕೇಂದ್ರ ಒಂದು ವಿಮಾ ಕಂಪನಿಯದು. ವಾರವಾರವೂ ಕೆಲವೇ ಸೆಂಟುಗಳ ಕಂತು ಕಟ್ಟುವ ಸಣ್ಣ ಜನರೇ ಆ ಕಂಪನಿಯ ಗಿರಾಕಿಗಳು. ಅವರ ಮನೆಬಾಗಿಲಿಗೆ ಹೋಗುವ ಏಜೆಂಟನಿಗೆ ಶನಿವಾರ ರಾತ್ರಿಯ ಹಾಡಿಗಿಂತ ಒಳ್ಳೆಯ ಪರಿಚಯಪತ್ರ ಬೇರೆ ಇರಲಿಲ್ಲ. 1925ರಲ್ಲಿ ಪ್ರಾರಂಭವಾಗಿ 1927ರಲ್ಲಿ ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರು ಪಡೆದ ಆ ಕಾರ್ಯಕ್ರಮ, ಕೇಂದ್ರದ ಶಕ್ತಿ 1932ರಲ್ಲಿ 50,000 ವಾಟ್‌ಗಳಿಗೆ ಏರಿದ ಮೇಲೆ ದೇಶದ ಅರ್ಧಭಾಗಕ್ಕೆ ಕೇಳಿಸತೊಡಗಿತು. ಹಳ್ಳಿಗತನವನ್ನು ಅಲ್ಲಿ ಬೇಕೆಂದೇ ಬೆಳೆಸಿದರೆಂಬುದನ್ನು ಮರೆಯಕೂಡದು. ಕಾರ್ಯಕ್ರಮದ ನಿರ್ವಾಹಕ ಜಾರ್ಜ್ ಹೇ ವಾದ್ಯತಂಡಗಳಿಗೆ ಕಾಡುಮೇಡಿನ ಹೆಸರುಗಳನ್ನಿಟ್ಟು ರೈತರ ಉಡುಪು ತೊಡಿಸಿದನು. ‘ಪಾಸಮ್ ಬೇಟೆಗಾರರು’ ಎಂಬ ಹೆಸರು ಹೊತ್ತ ತಂಡದ ನಾಯಕ ಹಂಫ್ರಿ ಬೇಟ್ ವಿಶ್ವವಿದ್ಯಾನಿಲಯದಲ್ಲಿ ಕಲಿತ ವೈದ್ಯ!

ಬಾನುಲಿಗೂ ಸರಕಿಗೂ ಬೆಸೆದ ಈ ಗಂಟನ್ನು ಚುನಾವಣೆಗೆ ತಿರುಗಿಸುವುದು ಕಷ್ಟವಾಗಲಿಲ್ಲ. ಟೆಕ್ಸಾಸಿನಲ್ಲಿ ಗೋದಿಹಿಟ್ಟು ಮಾರುತ್ತಿದ್ದ ಡಬ್ಲ್ಯು. ಲೀ ಓಡೇನಿಯಲ್ ತನ್ನ ಹಿಟ್ಟಿನ ಪ್ರಚಾರಕ್ಕೆ ಸಾಕಿದ್ದ ವಾದ್ಯತಂಡವನ್ನೇ ಕಟ್ಟಿಕೊಂಡು 1938ರಲ್ಲಿ ಗವರ್ನರ್ ಪದವಿಗೆ ನಿಂತು ಗೆದ್ದನು. 1941ರ ಸೆನೆಟ್ ಚುನಾವಣೆಯಲ್ಲಿ ಅವನ ಎದುರು ಸೋತವನು ಮುಂದೆ ರಾಷ್ಟ್ರಾಧ್ಯಕ್ಷನಾದ ಲಿಂಡನ್ ಜಾನ್ಸನ್. ಓಡೇನಿಯಲ್ ಕಾರ್ಮಿಕಸಂಘಗಳ ಕಡುವೈರಿ. ಅವನ ಸಭೆಗಳಿಗೆ ನೆರೆದ ಜನರಲ್ಲಿ ಬಹುಮಂದಿ ಬಡವರೇ.

ಅದೇ ಕಾಲದಲ್ಲಿ ಕಾರ್ಮಿಕಸಂಘಗಳೂ ಇದೇ ಧಾಟಿಗಳಲ್ಲಿ ಹಾಡುತ್ತಿದ್ದವು. ಉತ್ತರ ಕೆರೊಲಿನದ ಗ್ಯಾಸ್ಟೋನಿಯದಲ್ಲಿ 1929ರಲ್ಲಿ ನಡೆದ ಗಿರಣಿ ಮುಷ್ಕರದಲ್ಲಿ ಹಾಡು ಕಟ್ಟಿ ಹಾಡುತ್ತಿದ್ದ ಎಲಾ ಮೇ ವಿಗಿನ್ಸ್ ಎಂಬ ಕೂಲಿಹೆಂಗಸು ಗುಂಡೇಟಿಗೆ ಬಲಿಯಾದಳು. ಕೆಂಟಕಿಯ ಹಾರ್ಲನ್ ಸೀಮೆಯ ಕಲ್ಲಿದ್ದಲು ಗಣಿಗಳಲ್ಲಿ 1931ರಲ್ಲಿ ಹೋರಾಟ ನಡೆದಾಗ, ಸಂಘದ ಕಾರ್ಯಕರ್ತನ ಹೆಂಡತಿಯಾದ ಫ್ಲಾರೆನ್ಸ್ ರೀಸ್, ಗಂಡನನ್ನು ಹುಡುಕಿಕೊಂಡು ಬಂದ ಷೆರೀಫನ ಆಳುಗಳು ಮನೆಯನ್ನೆಲ್ಲ ಜಾಲಾಡಿ ಹೋದ ಮೇಲೆ, ಗೋಡೆಯ ಕ್ಯಾಲೆಂಡರಿನ ಹಾಳೆಯ ಮೇಲೆ ‘ವಿಚ್ ಸೈಡ್ ಆರ್ ಯೂ ಆನ್’ ಎಂಬ ಹಾಡನ್ನು ಬರೆದಳು. ನೀನು ಯಾರ ಕಡೆಯವನೆಂದು ನೇರವಾಗಿ ಕೇಳುವ ಹಾಡು ಅದು. ಒಕ್ಲಹೋಮದ ವುಡಿ ಗಥ್ರಿ 1940ರಲ್ಲಿ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಬರೆದಾಗ, ದೇಶವೆಲ್ಲ ಜನರ ಸೊತ್ತೆಂಬ ಆ ಭಾವಕ್ಕೆ ಅವನು ಆರಿಸಿಕೊಂಡ ಧಾಟಿ ಕಾರ್ಟರ್ ಕುಟುಂಬವು 1930ರಲ್ಲಿ ಮುದ್ರಿಸಿದ್ದ ‘ವೆನ್ ದ ವರ್ಲ್ಡ್ಸ್ ಆನ್ ಫೈರ್’ ಎಂಬ ಪ್ರಳಯಕಾಲದ ಭಕ್ತಿಗೀತೆಯದು. ಧಾಟಿಗೆ ಪಕ್ಷವಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮಾತಿನ ಸಂಗತಿ ಬೇರೆ. ರೀಸಳ ಹಾಡು ಶತ್ರುವನ್ನು ಎದುರಿಗೆ ನಿಲ್ಲಿಸುತ್ತದೆ. ಆದುದರಿಂದ ಅದು ಸಂಘದ ಸಭೆಗಳಲ್ಲಿಯೇ ಬಾಳಿತು. ಅದೇ ಕೆಂಟಕಿಯ ಗಣಿಗಳ ಜೀವನವನ್ನೇ ಕುರಿತ ಇನ್ನೊಂದು ಹಾಡಿನ ಗತಿಯನ್ನು ಇದರೊಡನೆ ಹೋಲಿಸಿ ನೋಡಬೇಕು. ಗಣಿಕಾರ್ಮಿಕನ ಮಗನಾದ ಮರ್ಲ್ ಟ್ರಾವಿಸ್ 1946ರಲ್ಲಿ ಮುದ್ರಿಸಿದ ‘ಸಿಕ್ಸ್‌ಟೀನ್ ಟನ್ಸ್’ ಎಂಬ ಹಾಡಿನಲ್ಲಿ, ದಿನವೆಲ್ಲ ಕಲ್ಲಿದ್ದಲು ತುಂಬಿಯೂ ಕಂಪನಿಯ ಅಂಗಡಿಯ ಸಾಲದಿಂದ ಬಿಡುಗಡೆ ಕಾಣದವನೊಬ್ಬ ತನ್ನ ಸ್ಥಿತಿಯನ್ನು ಹೇಳಿಕೊಳ್ಳುತ್ತಾನೆ. ಗಣಿ ಕಂಪನಿಗಳು ಸಂಬಳದ ಬದಲು ತಮ್ಮ ಅಂಗಡಿಯಲ್ಲಷ್ಟೆ ನಡೆಯುವ ಚೀಟಿಗಳನ್ನು ಕೊಟ್ಟು, ಆ ಅಂಗಡಿಯ ಸಾಲದಲ್ಲಿ ಕೂಲಿಯನ್ನು ಕಟ್ಟಿಹಾಕುತ್ತಿದ್ದ ಪದ್ಧತಿ ಅದರ ಹಿನ್ನೆಲೆ. ಹಾಡಿನಲ್ಲಿ ಅಂಗಡಿಯುಂಟು, ಸಾಲವುಂಟು, ಮೈಮುರಿವ ದುಡಿಮೆಯುಂಟು. ಮುಷ್ಕರವಿಲ್ಲ, ಸಂಘವಿಲ್ಲ, ಏನು ಮಾಡಬೇಕೆಂಬ ಬೋಧನೆಯಿಲ್ಲ. 1955ರಲ್ಲಿ ಟೆನೆಸೀ ಅರ್ನಿ ಫೋರ್ಡ್ ಇದನ್ನು ಹಾಡಿದಾಗ ಕಂಟ್ರಿ ಪಟ್ಟಿಯಲ್ಲಿಯೂ ಸಾಮಾನ್ಯ ಪಟ್ಟಿಯಲ್ಲಿಯೂ ಅದು ಅಗ್ರಸ್ಥಾನಕ್ಕೇರಿತು. ಕಮ್ಯೂನಿಸ್ಟರೆಂಬ ಸಂಶಯಮಾತ್ರದಿಂದ ಜನ ಉದ್ಯೋಗ ಕಳೆದುಕೊಂಡಿದ್ದ ಕಾಲವದು. ಬಂಡವಾಳದ ಸೆರೆಯನ್ನು ಇಷ್ಟು ನಿಚ್ಚಳವಾಗಿ ಹೇಳುವ ಹಾಡನ್ನು ಅದೇ ದೇಶದ ಜನ, ಮರುವರ್ಷವೇ ಭಕ್ತಿಗೀತೆಗಳ ಸಂಪುಟ ಹೊರತಂದ ಅದೇ ಗಾಯಕನಿಂದ, ಲಕ್ಷೋಪಲಕ್ಷವಾಗಿ ಕೊಂಡರು. ಗಣಿಯವನು ತನ್ನ ಕಂಪನಿಯನ್ನು ನೆನೆದನು. ಗುಮಾಸ್ತನು ತನ್ನ ಮೇಲಧಿಕಾರಿಯನ್ನು ನೆನೆದನು. ಸಣ್ಣ ಜಮೀನುದಾರನು ಬ್ಯಾಂಕನ್ನೋ ಸರಕಾರದ ತೆರಿಗೆಯನ್ನೋ ನೆನೆದಿರಬೇಕು. ‘ನಾನು’ ಎಂದು ಹಾಡುವ ಈ ಸಂಗೀತದಲ್ಲಿ ‘ಅವರು’ ಯಾರೆಂಬುದು ಕೇಳುವವನಿಗೆ ಬಿಟ್ಟದ್ದು.

ಕೇಳುಗರು ಹಳ್ಳಿಗಳಲ್ಲಿಯೇ ಉಳಿದಿದ್ದರೆ ಈ ಗುಣ ಇಷ್ಟು ಫಲಿಸುತ್ತಿರಲಿಲ್ಲ. 1930ರ ದಶಕದ ಧೂಳು ಬಿರುಗಾಳಿಗಳಿಂದ ಬೆಳೆ ಕಳೆದುಕೊಂಡವರು ಕ್ಯಾಲಿಫೋರ್ನಿಯಕ್ಕೆ ಹೋದರು. ಯುದ್ಧಕಾಲದ ಕಾರ್ಖಾನೆಗಳು ದಕ್ಷಿಣದವರನ್ನು ಡೆಟ್ರಾಯಿಟಿಗೂ ಚಿಕಾಗೊಕ್ಕೂ ಸೆಳೆದವು. ಸೈನ್ಯದ ಪಾಳೆಯಗಳಲ್ಲಿ ಉತ್ತರದ ಹುಡುಗರು ಈ ಹಾಡುಗಳನ್ನು ಮೊದಲ ಬಾರಿಗೆ ಕೇಳಿದರು. ‘ಹಿಲ್‌ಬಿಲ್ಲಿ’ ಎಂಬ ಹೆಸರು ಇನ್ನು ಸಲ್ಲದಾಯಿತು. 1949ರಲ್ಲಿ ಬಿಲ್‌ಬೋರ್ಡ್ ಪತ್ರಿಕೆ ತನ್ನ ಪಟ್ಟಿಗೆ ‘ಕಂಟ್ರಿ ಅಂಡ್ ವೆಸ್ಟರ್ನ್’ ಎಂಬ ಹೆಸರನ್ನಿಟ್ಟಿತು. ‘ರೇಸ್’ ಎಂಬುದು ‘ರಿದಮ್ ಅಂಡ್ ಬ್ಲೂಸ್’ ಆದುದೂ ಅದೇ ವರ್ಷ. ಹೆಸರುಗಳು ಸಭ್ಯವಾದವು, ಸಾಲುಗಳು ಎರಡಾಗಿಯೇ ಉಳಿದವು.

ರಾಕ್ ಸಂಗೀತದ ಅಬ್ಬರ ಮೊದಲಾದ ಮೇಲೆ ವ್ಯಾಪಾರಕ್ಕೆ ಕುತ್ತು ಬಂದಿತು. ನ್ಯಾಶ್‌ವಿಲ್ಲಿನ ನಿರ್ಮಾಪಕರು ಪಿಟೀಲನ್ನೂ ಸ್ಟೀಲ್ ಗಿಟಾರನ್ನೂ ಹಿಂದಕ್ಕೆ ಸರಿಸಿ, ಮೆಲುದನಿಯ ವಾದ್ಯಮೇಳವನ್ನೂ ಹಿಮ್ಮೇಳದ ಗಾಯಕರನ್ನೂ ಮುಂದಕ್ಕೆ ತಂದರು. 1958ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ಎಂಬ ವ್ಯಾಪಾರಿ ಸಂಘ ಹುಟ್ಟಿತು. 1961ರಲ್ಲಿ ಇಡೀ ದಿನ ಕಂಟ್ರಿಯನ್ನೇ ಪ್ರಸಾರ ಮಾಡುವ ಕೇಂದ್ರಗಳು 81 ಮಾತ್ರ. 1969ರ ವೇಳೆಗೆ ಅವು 600ನ್ನು ಮೀರಿದವು. ಈ ನಯಗೊಳಿಸಿದ ದನಿಯೇ ಸಮುದ್ರವನ್ನು ದಾಟಿತು. ಮೈಕಿನ ಸಮೀಪದಲ್ಲಿ ಪಿಸುಮಾತಿನಂತೆ ಹಾಡುತ್ತಿದ್ದ ಜಿಮ್ ರೀವ್ಸ್ ನಾರ್ವೆ, ನೈಜೀರಿಯ, ಸಿಂಹಳ ಮೊದಲಾದ ಕಡೆಗಳಲ್ಲಿ ಮನೆಮಾತಾದನು. 1962ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಪ್ರವಾಸ ಮಾಡಿ ಆಫ್ರಿಕಾನ್ಸ್ ಭಾಷೆಯಲ್ಲಿಯೂ ಹಾಡುಗಳನ್ನು ಮುದ್ರಿಸಿದನು. 1964ರಲ್ಲಿ ವಿಮಾನಾಪಘಾತದಲ್ಲಿ ಅವನು ತೀರಿಕೊಂಡನು. ಬೆಂಗಳೂರು ದಂಡಿನ ಪ್ರದೇಶದ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ ಬಂತೆಂದರೆ ಅವನ ಕಂಠ ಕೇಳಿಸುವುದು ಆಮೇಲೂ ನಿಲ್ಲಲಿಲ್ಲ. ಇಲ್ಲಿ ಕೇಳಿದವರಿಗೆ ಟೆನೆಸೀಯ ಪಕ್ಷಜಗಳಗಳ ಗಂಧವೂ ಇರಲಿಲ್ಲವಷ್ಟೆ.

ಅಮೆರಿಕದಲ್ಲಿ ಮಾತ್ರ ಜಗಳ ಬಲಿಯುತ್ತಿತ್ತು. 1968ರ ಚುನಾವಣೆಯಲ್ಲಿ ವರ್ಣಭೇದವಾದಿ ಜಾರ್ಜ್ ವಾಲೇಸನ ಸಭೆಗಳಲ್ಲಿ ಕಂಟ್ರಿ ಗಾಯಕರು ಹಾಡಿದರು. 1970ರಲ್ಲಿ ಅಧ್ಯಕ್ಷ ನಿಕ್ಸನ್ ಅಕ್ಟೋಬರ್ ತಿಂಗಳನ್ನು ಕಂಟ್ರಿ ಸಂಗೀತದ ಮಾಸವೆಂದು ಘೋಷಿಸಿದನು. ದಕ್ಷಿಣದ ಬಿಳಿಯ ಮತದಾರರನ್ನು ತನ್ನ ಪಕ್ಷಕ್ಕೆ ಒಲಿಸಿಕೊಳ್ಳಲು ಹವಣಿಸುತ್ತಿದ್ದ ಅವನಿಗೆ ಮರ್ಲ್ ಹ್ಯಾಗರ್ಡನ ‘ಓಕಿ ಫ್ರಮ್ ಮಸ್ಕೋಗಿ’ (1969) ದೇವರು ಕೊಟ್ಟ ವರದಂತಿತ್ತು. ವಿಯಟ್‌ನಾಮ್ ಯುದ್ಧವನ್ನು ವಿರೋಧಿಸುವ ತರುಣರನ್ನೂ ಅವರ ಗಾಂಜಾವನ್ನೂ ನೀಳಕೂದಲನ್ನೂ ಹಳಿದು, ಸಣ್ಣ ಊರಿನ ದೇಶನಿಷ್ಠೆಯನ್ನು ಕೊಂಡಾಡುವ ಹಾಡದು. ಅದು ಗಂಭೀರವೋ ವಿನೋದವೋ ಎಂಬುದಕ್ಕೆ ಹ್ಯಾಗರ್ಡನೇ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟನು.

ಈ ಹ್ಯಾಗರ್ಡನ ಸಂಗತಿ ಸ್ವಲ್ಪ ನಿಂತು ನೋಡಲು ತಕ್ಕುದು. ಅವನ ತಂದೆತಾಯಿಗಳು ಒಕ್ಲಹೋಮವನ್ನು ಬಿಟ್ಟು ಕ್ಯಾಲಿಫೋರ್ನಿಯಕ್ಕೆ ಬಂದವರು. ರೈಲುಗಾಡಿಯ ಹಳೆಯ ಡಬ್ಬಿಯೊಂದನ್ನು ಮನೆಯಾಗಿಸಿಕೊಂಡು ಬಾಳಿದವರು. ‘ಓಕಿ’ ಎಂಬುದು ಅಂತಹ ವಲಸೆಗಾರರನ್ನು ಕ್ಯಾಲಿಫೋರ್ನಿಯದವರು ಹೀಯಾಳಿಸುತ್ತಿದ್ದ ಮಾತು. ಸ್ಯಾನ್ ಕ್ವೆಂಟಿನ್ ಸೆರೆಮನೆಯಲ್ಲಿ ಶಿಕ್ಷೆ ಅನುಭವಿಸಿ ಬಂದ ಇವನಿಗೆ 1972ರಲ್ಲಿ ಪೂರ್ಣ ಕ್ಷಮಾದಾನ ನೀಡಿದವನು ಆಗಿನ ಗವರ್ನರ್ ರೊನಾಲ್ಡ್ ರೇಗನ್. ‘ಓಕಿ’ ಬಂದ ವರ್ಷವೇ ‘ಹಂಗ್ರಿ ಐಸ್’ ಎಂಬ ಹಾಡಿನಲ್ಲಿ ವಲಸೆ ಕೂಲಿಗಳ ಶಿಬಿರದ ಹಸಿವನ್ನೂ ಮೇಲುವರ್ಗದವರ ತಾತ್ಸಾರವನ್ನೂ ತಾಯಿಯ ಕಣ್ಣುಗಳಲ್ಲಿ ಕಂಡವನೂ ಇವನೇ. ಬಿಳಿಯ ಗಂಡಿಗೂ ಕಪ್ಪು ಹೆಣ್ಣಿಗೂ ಉಂಟಾದ ಪ್ರೇಮವನ್ನು ಕುರಿತು ‘ಅರ್ಮಾ ಜಾಕ್ಸನ್’ ಬರೆದು, ‘ಓಕಿ’ಯ ಬೆನ್ನಿಗೇ ಅದು ಹೊರಬರಲೆಂದು ಅವನು ಬಯಸಿದನು. ಕಂಪನಿ ಒಪ್ಪಲಿಲ್ಲ. ಅದರ ಬದಲು ದೇಶವನ್ನು ಟೀಕಿಸುವವರ ಮೇಲೆ ತೋಳೇರಿಸುವ ‘ದ ಫೈಟಿನ್ ಸೈಡ್ ಆಫ್ ಮೀ’ ಬಂದಿತು. ‘ಅರ್ಮಾ ಜಾಕ್ಸನ್’ ಅವನ ಕಂಠದಲ್ಲಿ ಹೊರಬಂದುದು 1972ರಲ್ಲಿ. ಆ ಇಬ್ಬರು ಹ್ಯಾಗರ್ಡರಲ್ಲಿ ಯಾರು ಅಂಗಡಿಗೆ ಮೊದಲು ಬರಬೇಕೆಂಬುದನ್ನು ತೀರ್ಮಾನಿಸಿದವನು ಗಾಯಕನಲ್ಲ, ಕೇಳುಗನೂ ಅಲ್ಲ. 2003ರಲ್ಲಿ ಇರಾಕ್ ಯುದ್ಧದ ಸುದ್ದಿಗಳ ಪೊಳ್ಳುತನವನ್ನು ಹಾಡಿದವನೂ ಇವನೇ ಎಂಬುದನ್ನು ಕೂಡಿಸಿದರೆ, ಒಂದು ಹಾಡನ್ನು ಹಿಡಿದು ಒಬ್ಬನ ಪಕ್ಷವನ್ನು ಗೊತ್ತುಮಾಡುವುದು ಎಷ್ಟು ಅಪಾಯಕರವೆಂಬುದು ತಿಳಿದೀತು.

ಜಾನಿ ಕ್ಯಾಷ್ ಇನ್ನೊಂದು ಬಗೆಯವನು. 1970ರ ಏಪ್ರಿಲ್ ತಿಂಗಳಲ್ಲಿ ಶ್ವೇತಭವನಕ್ಕೆ ಅವನನ್ನು ಹಾಡಲು ಕರೆದಾಗ, ‘ಓಕಿ’ಯನ್ನೂ ಸರಕಾರದ ನೆರವು ಪಡೆಯುವ ಬಡವರನ್ನು ಗೇಲಿಮಾಡುವ ‘ವೆಲ್‌ಫೇರ್ ಕ್ಯಾಡಿಲಾಕ್’ ಎಂಬುದನ್ನೂ ಹಾಡಬೇಕೆಂದು ಅಧ್ಯಕ್ಷನ ಕಡೆಯಿಂದ ಸೂಚನೆ ಬಂದಿತ್ತು. ಆ ಹಾಡುಗಳು ತನಗೆ ಬರುವುದಿಲ್ಲವೆಂದು ಕ್ಯಾಷ್ ನಯವಾಗಿ ಹೇಳಿದನು. ತರುಣರ ಪ್ರಶ್ನೆಗಳಿಗೆ ಕಿವಿಗೊಡಬೇಕೆನ್ನುವ ತನ್ನದೇ ಹಾಡು ‘ವಾಟ್ ಈಸ್ ಟ್ರೂತ್’ ಹಾಡಿದನು. ನಿಕ್ಸನ್ ಅದನ್ನು ಕೇಳಿ ಚಪ್ಪಾಳೆ ತಟ್ಟಿದನು. ಸೆರೆಯಾಳುಗಳ ಪರವಾಗಿ, ಮೂಲನಿವಾಸಿಗಳ ಪರವಾಗಿ ಹಾಡಿದ ಇದೇ ಕ್ಯಾಷ್ 1974ರಲ್ಲಿ ರಾಷ್ಟ್ರಧ್ವಜದ ಮೇಲೆ ಒಂದು ಸ್ತುತಿಯನ್ನೂ ರಚಿಸಿದನು. ಟೆಕ್ಸಾಸಿನ ಆಸ್ಟಿನ್ ನಗರದಲ್ಲಿ 1970ರ ದಶಕದಲ್ಲಿ ವಿಲಿ ನೆಲ್ಸನನ ಹಾಡಿಗೆ ನೀಳಕೂದಲಿನ ತರುಣರೂ ದನಗಾಹಿಗಳೂ ಒಂದೇ ಸಭಾಂಗಣದಲ್ಲಿ ಸೇರುತ್ತಿದ್ದರು. 1985ರಲ್ಲಿ ಸಾಲದಲ್ಲಿ ಮುಳುಗಿದ್ದ ರೈತರಿಗಾಗಿ ಅವನು ಸಂಗಡಿಗರೊಡನೆ ‘ಫಾರ್ಮ್ ಏಡ್’ ಸಭೆಯನ್ನು ನಡೆಸಿದಾಗ ರೈತರು ಯಾವ ಪಕ್ಷದವರೆಂದು ಕೇಳಿದವರಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಇದು ಸಾಮರಸ್ಯದ ಕಥೆಯಾಗಿ ಬಿಡುತ್ತದೆ. ಹಾಗಾಗಕೂಡದು. ‘ಗ್ರ್ಯಾಂಡ್ ಓಲ್ ಆಪ್ರಿ’ ಎಂಬ ಹೆಸರನ್ನು ಜಾರ್ಜ್ ಹೇ ಮೊದಲು ಉಚ್ಚರಿಸಿದ ರಾತ್ರಿ ಮೌತ್ ಆರ್ಗನ್ ನುಡಿಸಿದವನು ಡಿಫೋರ್ಡ್ ಬೇಲಿ ಎಂಬ ಕಪ್ಪು ಕಲಾವಿದ. ಬಾನುಲಿಯಲ್ಲಿ ಅವನ ಬಣ್ಣ ಕಾಣುತ್ತಿರಲಿಲ್ಲ. ಪ್ರವಾಸದಲ್ಲಾದರೋ ಸಂಗಡಿಗರು ಇಳಿದ ಹೋಟೆಲಿನಲ್ಲಿ ಅವನಿಗೆ ಕೋಣೆಯಿಲ್ಲ. 1941ರಲ್ಲಿ ಅವನನ್ನು ಕೆಲಸದಿಂದ ತೆಗೆದರು. ಉಳಿದ ಕಾಲವನ್ನು ಅವನು ನ್ಯಾಶ್‌ವಿಲ್ಲಿನಲ್ಲಿ ಬೂಟು ಪಾಲೀಷಿನ ಅಂಗಡಿ ನಡೆಸಿ ಕಳೆದನು. ಕಂಟ್ರಿಯ ಕೀರ್ತಿಶಾಲೆಗೆ ಅವನ ಹೆಸರು ಸೇರಿದುದು 2005ರಲ್ಲಿ, ಅವನು ತೀರಿಕೊಂಡ 23 ವರ್ಷಗಳ ಮೇಲೆ. ಮಿಸಿಸಿಪಿಯ ಗೇಣಿದಾರನ ಮಗ ಚಾರ್ಲಿ ಪ್ರೈಡನ ಮೊದಲ ಧ್ವನಿಮುದ್ರಿಕೆಯನ್ನು 1966ರಲ್ಲಿ ಬಾನುಲಿ ಕೇಂದ್ರಗಳಿಗೆ ಕಳುಹಿಸಿದಾಗ ಅವನ ಭಾವಚಿತ್ರವನ್ನು ಜೊತೆಗಿಡಲಿಲ್ಲ. ಜನ ಕಂಠವನ್ನು ಒಪ್ಪಿದ ಮೇಲೆ ಮುಖವನ್ನು ತೋರಿಸಿದರು. 1971ರಲ್ಲಿ ಅವನು ವರ್ಷದ ಶ್ರೇಷ್ಠ ಕಲಾವಿದನೆಂಬ ಪ್ರಶಸ್ತಿ ಪಡೆದುದನ್ನು ನೋಡಿದರೆ, ಅಡ್ಡಿಯಾಗಿದ್ದುದು ಕೇಳುಗರಿಗಿಂತ ಹೆಚ್ಚಾಗಿ ಕೇಳುಗರನ್ನು ಕುರಿತು ವ್ಯಾಪಾರಿಗಳಿಗಿದ್ದ ಭಯವೆನ್ನಬೇಕಾಗುತ್ತದೆ. ಹೆಂಗಸರ ವಿಷಯದಲ್ಲಿಯೂ ಹೀಗೆಯೇ. ಗರ್ಭನಿರೋಧದ ಗುಳಿಗೆಯನ್ನು ಕುರಿತು ಲೊರೆಟ ಲಿನ್ ಹಾಡಿದ ‘ದ ಪಿಲ್’ (1975) ಹಾಡನ್ನು ಅನೇಕ ಕೇಂದ್ರಗಳು ಪ್ರಸಾರ ಮಾಡಲೊಲ್ಲದೆ ಹೋದವು. ಗೃಹಿಣಿಯರು ಅದನ್ನು ಕೊಂಡು ಕಂಟ್ರಿ ಪಟ್ಟಿಯ ಮೊದಲ ಐದು ಸ್ಥಾನಗಳೊಳಗೆ ಏರಿಸಿದರು.

ಎಲ್ಲಕ್ಕಿಂತ ಬೋಧಪ್ರದವಾದುದು 2003ರ ಪ್ರಸಂಗ. ಇರಾಕ್ ಯುದ್ಧ ಮೊದಲಾಗುವ ಕೆಲವೇ ದಿನಗಳ ಮುಂಚೆ, ಆಗ ‘ಡಿಕ್ಸಿ ಚಿಕ್ಸ್’ ಎಂಬ ಹೆಸರಿದ್ದ ಮೂವರು ಗಾಯಕಿಯರ ತಂಡದ ನಟಾಲಿ ಮೇನ್ಸ್ ಲಂಡನ್ನಿನ ವೇದಿಕೆಯಲ್ಲಿ, ಅಧ್ಯಕ್ಷನು ತಮ್ಮ ಟೆಕ್ಸಾಸಿನವನೆಂಬುದು ತಮಗೆ ನಾಚಿಕೆಯೆಂದು ನುಡಿದಳು. ಆ ವೇಳೆಯಲ್ಲಿ ಅವರ ‘ಟ್ರಾವೆಲಿನ್ ಸೋಲ್ಜರ್’ ಎಂಬ ಹಾಡು ಕಂಟ್ರಿ ಪಟ್ಟಿಯ ಅಗ್ರಸ್ಥಾನಕ್ಕೆ ಬಂದಿತ್ತು. ವಿಯಟ್‌ನಾಮಿನಲ್ಲಿ ಮಡಿದ ಎಳೆಯ ಸೈನಿಕನನ್ನೂ ಅವನಿಗಾಗಿ ಕಾದ ಹುಡುಗಿಯನ್ನೂ ಕುರಿತ ಆ ಹಾಡನ್ನು ಯುದ್ಧವನ್ನು ಬಯಸಿದವರೂ ಬಯಸದವರೂ ಒಂದೇ ಕಣ್ಣೀರಿನಿಂದ ಕೇಳುತ್ತಿದ್ದರು. ಕೇಂದ್ರಗಳು ಅದನ್ನು ಕೈಬಿಟ್ಟವು. ಪಟ್ಟಿಯಿಂದ ಅದು ಕೆಲವೇ ವಾರಗಳಲ್ಲಿ ಮಾಯವಾಯಿತು. ಹಾಡಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹಾಡು ತೆರೆದಿಟ್ಟಿದ್ದ ಸ್ಥಳವನ್ನು ಹಾಡಿದವಳು ವೇದಿಕೆಯ ಮೇಲಿಂದ ತಾನೇ ತುಂಬಿದಳೆಂಬುದೇ ಅಪರಾಧವಾಯಿತು. ಡಾಲಿ ಪಾರ್ಟನ್ ತನ್ನ ಪಕ್ಷ ಯಾವುದೆಂಬುದನ್ನು ಹೊರಗೆಡಹಲು ಒಪ್ಪದೆ, ಮಕ್ಕಳಿಗೆ ಪುಸ್ತಕ ಹಂಚುವ ಧರ್ಮಕಾರ್ಯದಲ್ಲಿ ತೊಡಗಿ, ಎಲ್ಲ ಪಕ್ಷದವರಿಗೂ ಬೇಕಾದವಳಾಗಿ ಉಳಿದಿರುವ ಜಾಣ್ಮೆಯನ್ನು ಈ ಪ್ರಸಂಗದ ಪಕ್ಕದಲ್ಲಿಟ್ಟು ನೋಡಿದರೆ ಅದರ ಬೆಲೆ ಏನೆಂಬುದು ತಿಳಿಯುತ್ತದೆ.

ಈಚಿನ ವರ್ಷಗಳ ಘಟನೆಗಳಲ್ಲಿಯೂ ಇದೇ ಎರಡು ಎಳೆಗಳು ಕಾಣುತ್ತವೆ. 2023ರ ಆಗಸ್ಟಿನಲ್ಲಿ ಆಲಿವರ್ ಆಂಟನಿ ಎಂಬ ಅಪ್ರಸಿದ್ಧ ಗಾಯಕನ ‘ರಿಚ್ ಮೆನ್ ನಾರ್ತ್ ಆಫ್ ರಿಚ್‌ಮಂಡ್’ ಒಮ್ಮೆಗೇ ಪಟ್ಟಿಯ ತುದಿಗೇರಿತು. ಕಡಮೆ ಕೂಲಿ, ಹೆಚ್ಚು ತೆರಿಗೆ, ರಾಜಧಾನಿಯ ಸಿರಿವಂತರ ಅಧಿಕಾರದಾಹ ಇವು ಅದರ ವಸ್ತು. ಸರಕಾರದ ನೆರವಿನಿಂದ ಬಾಳುವವರ ಮೇಲೊಂದು ಕಟಕಿಯೂ ಅದರಲ್ಲಿ ಇದೆ. ಶತ್ರುವನ್ನು ಹೆಸರಿಸುವ ಹಾಡು ಇದು, ಆದರೆ ದಿಕ್ಕಿನಿಂದ ಹೆಸರಿಸುತ್ತದೆ, ಪಕ್ಷದಿಂದಲ್ಲ. ಅದೇ ತಿಂಗಳ 23ರಂದು ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಗಳ ವಾದಸಭೆಯಲ್ಲಿ ಅದನ್ನು ಕೇಳಿಸಿ ಅಭಿಪ್ರಾಯ ಕೇಳಿದರು. ಆ ವೇದಿಕೆಯ ಮೇಲೆ ನಿಂತಿದ್ದವರನ್ನು ಕುರಿತೇ ತಾನು ಹಾಡನ್ನು ಬರೆದುದೆಂದು ಗಾಯಕನು ಆಮೇಲೆ ಹೇಳಿದನು.

ಎರಡನೆಯ ಎಳೆ ವೇದಿಕೆಯದು. 2019ರಲ್ಲಿ ಲಿಲ್ ನಾಸ್ ಎಕ್ಸ್ ಎಂಬ ಕಪ್ಪು ತರುಣನ ‘ಓಲ್ಡ್ ಟೌನ್ ರೋಡ್’ ಹಾಡನ್ನು ಬಿಲ್‌ಬೋರ್ಡ್ ತನ್ನ ಕಂಟ್ರಿ ಪಟ್ಟಿಯಿಂದ ತೆಗೆದುಹಾಕಿತು. ಸಾಮಾನ್ಯ ಪಟ್ಟಿಯಲ್ಲಿ ಅದು 19 ವಾರ ಅಗ್ರಸ್ಥಾನದಲ್ಲಿ ನಿಂತಿತು. 2024ರಲ್ಲಿ ಷಬೂಜಿ ಎಂಬ ಇನ್ನೊಬ್ಬ ಕಪ್ಪು ಗಾಯಕನ ಹಾಡು ಅದೇ 19 ವಾರಗಳನ್ನು ಸರಿಗಟ್ಟಿತು, ಈ ಬಾರಿ ಕಂಟ್ರಿ ಪಟ್ಟಿಯಲ್ಲಿಯೂ ಮೊದಲಿಗನಾಗಿ. ಬಿಯಾನ್ಸೆಯ ‘ಕೌಬಾಯ್ ಕಾರ್ಟರ್’ ಸಂಪುಟಕ್ಕೆ 2025ರ ಫೆಬ್ರವರಿಯಲ್ಲಿ ವರ್ಷದ ಶ್ರೇಷ್ಠ ಸಂಪುಟವೆಂದೂ ಶ್ರೇಷ್ಠ ಕಂಟ್ರಿ ಸಂಪುಟವೆಂದೂ ಗ್ರ್ಯಾಮಿ ಪ್ರಶಸ್ತಿಗಳು ದೊರೆತವು. ನ್ಯಾಶ್‌ವಿಲ್ಲಿನ ಸಂಘವು 2024ರ ತನ್ನ ಪ್ರಶಸ್ತಿಗಳಿಗೆ ಅದನ್ನು ಒಂದು ವಿಭಾಗದಲ್ಲಿಯೂ ಹೆಸರಿಸಿರಲಿಲ್ಲ.

ಟ್ರೇಸಿ ಚಾಪ್ಮನ್ ಎಂಬ ಕಪ್ಪು ಗಾಯಕಿ 1988ರಲ್ಲಿ ಹಾಡಿದ ‘ಫಾಸ್ಟ್ ಕಾರ್’ ಕುಡುಕ ತಂದೆ, ಅಂಗಡಿಯ ಚಾಕರಿ, ಊರು ಬಿಟ್ಟು ಹೋಗುವ ಆಸೆ ಇವುಗಳನ್ನು ಹೇಳುವ ಹಾಡು. ವಸ್ತುವನ್ನು ನೋಡಿದರೆ ಕಂಟ್ರಿಯ ಹಾಡಿಗೆ ಬೇಕಾದುದೆಲ್ಲ ಅದರಲ್ಲಿ ಇದ್ದಿತು. ಆದರೂ ಅಂದು ಅದನ್ನು ಯಾರೂ ಆ ಸಾಲಿನಲ್ಲಿ ಇಡಲಿಲ್ಲ. 2023ರಲ್ಲಿ ಉತ್ತರ ಕೆರೊಲಿನದ ಬಿಳಿಯ ಗಾಯಕ ಲೂಕ್ ಕೋಂಬ್ಸ್ ಅದನ್ನು ಮಾತು ಧಾಟಿ ಎರಡನ್ನೂ ಕೆಡಿಸದೆ ಹಾಡಿದಾಗ ಕಂಟ್ರಿ ಕೇಂದ್ರಗಳ ಪಟ್ಟಿಯಲ್ಲಿ ಅದು ಅಗ್ರಸ್ಥಾನ ಪಡೆಯಿತು. ಆ ವರ್ಷದ ನವೆಂಬರಿನಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ನಿನ ವರ್ಷದ ಗೀತೆ ಎಂಬ ಪ್ರಶಸ್ತಿ, ರಚನೆಗೆ ಸಲ್ಲುವುದಾದುದರಿಂದ, ಚಾಪ್ಮನ್ನಳಿಗೆ ಬಂದಿತು. ಅದನ್ನು ಪಡೆದ ಮೊದಲ ಕಪ್ಪು ರಚನಕಾರ್ತಿ ಆಕೆ. ಹಾಡಿಗೆ ಆಗ 35 ವರ್ಷ ತುಂಬಿತ್ತು.